ಉಚಿತ ಕರೆಂಟ್ ಇರುವಾಗ ತಾರಸಿಗೆ ಸೋಲಾರ್ ಯಾರು ಹಾಕಿಸಬೇಕು?

ರಾಜ್ಯ ಸರ್ಕಾರ 200 ಯೂನಿಟ್‌ವರೆಗೆ ಕರೆಂಟ್ ಫ್ರೀ ಎನ್ನುತ್ತದೆ. ಕೇಂದ್ರ ಸರ್ಕಾರ ತಾರಸಿಗೆ ಪ್ಯಾನೆಲ್ ಹಾಕಿಸಿಕೊಳ್ಳಿ, 78,000 ರೂಪಾಯಿವರೆಗೆ ಸಬ್ಸಿಡಿ ಕೊಡುತ್ತೇವೆ, ತಿಂಗಳಿಗೆ 300 ಯೂನಿಟ್ ಫ್ರೀ ಆಗುತ್ತದೆ ಎನ್ನುತ್ತದೆ. ಇದರ ಮಧ್ಯೆ 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿಯಿತು. ಆದರೂ ಕೊಟೇಶನ್ ತರಿಸಿದವರು, ಬೆಲೆ ಎಲ್ಲಿ ಇಳಿದಿದೆ ಎಂದು ಕೇಳುತ್ತಿದ್ದಾರೆ. ಜೊತೆಗೆ ಡಿಸಿಆರ್, ನಾನ್ ಡಿಸಿಆರ್, ಟಾಪ್‌ಕಾನ್, ಬೈಫೇಶಿಯಲ್ ಅಂತ ಹೊಸ ಹೊಸ ಪದಗಳು. ವಾಟ್ಸಾಪ್‌ನಲ್ಲಂತೂ 'ಉಚಿತ ಸೋಲಾರ್, ಇಂದೇ ಕರೆ ಮಾಡಿ' ಎಂಬ ಜಾಹೀರಾತುಗಳಿಗೆ ಲೆಕ್ಕವೇ ಇಲ್ಲ.

ಗೊಂದಲ ಆಗುವುದು ಸಹಜವೇ. ಯಾಕೆಂದರೆ ಎಲ್ಲರೂ ಮೊದಲು ಕೇಳುವುದು 'ಯಾವ ಕಂಪನಿ ಪ್ಯಾನೆಲ್ ಒಳ್ಳೇದು' ಅಂತ. ಕರ್ನಾಟಕದ ಮನೆಗೆ ಅದು ಮೂರನೆಯದೋ ನಾಲ್ಕನೆಯದೋ ಪ್ರಶ್ನೆ. ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಹಳೆಯ ಕರೆಂಟ್ ಬಿಲ್ಲುಗಳು.

ಎರಡು ಯೋಜನೆ, ಎರಡು ದಾರಿ

ರಾಜ್ಯದ ಗೃಹಜ್ಯೋತಿ ಶುರುವಾಗಿದ್ದು 2023ರಲ್ಲಿ. 200 ಯೂನಿಟ್ ಫ್ರೀ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಎಲ್ಲರಿಗೂ ಪೂರ್ತಿ 200 ಸಿಗುವುದಿಲ್ಲ. 2022–23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿದ್ದೀರೋ ಅದಕ್ಕೆ 10 ಶೇಕಡಾ ಸೇರಿಸಿ ನಿಮ್ಮ ಪಾಲು ಗೊತ್ತು ಮಾಡಿದ್ದಾರೆ. ಆಗ ಸರಾಸರಿ 150 ಇದ್ದರೆ ಈಗ ಉಚಿತ 165. ಅದಕ್ಕಿಂತ ಜಾಸ್ತಿ ಬಳಸಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಇಲ್ಲಿ ಗ್ರಾಹಕ ಬದಲಾಗಬೇಕಾಗಿಲ್ಲ, ಬಿಲ್ಲನ್ನು ಸರ್ಕಾರ ಕಟ್ಟುತ್ತದೆ, ಕರೆಂಟ್ ಹಂಚುವ ಎಸ್ಕಾಂಗಳಿಗೆ ಆ ಹಣ ಖಜಾನೆಯಿಂದ ಹೋಗುತ್ತದೆ. ವರ್ಷಕ್ಕೆ ಇದು ಸುಮಾರು 10,000 ಕೋಟಿ ರೂಪಾಯಿಯ ಬಾಬ್ತು.

ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿ, ಅವಧಿ 2026–27ರವರೆಗೆ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಹೀಗೆ 3 ಕಿಲೋವ್ಯಾಟ್‌ಗೆ 78,000 ಆಗುತ್ತದೆ. ಅಲ್ಲಿಗೆ ನಿಂತಿತು. 5 ಹಾಕಿಸಿ, 10 ಹಾಕಿಸಿ, ಸಬ್ಸಿಡಿ ಅಷ್ಟೇ. ಇಲ್ಲಿ ಬಿಲ್ಲನ್ನು ಯಾರೂ ಕಟ್ಟಿಕೊಡುವುದಿಲ್ಲ. ನೀವೇ ಬಂಡವಾಳ ಹಾಕಿ ಕರೆಂಟ್ ತಯಾರಿಸುತ್ತೀರಿ, ಆ ಬಂಡವಾಳದಲ್ಲಿ ಸರ್ಕಾರ ಒಂದು ಪಾಲು ಹಾಕುತ್ತದೆ.

ಎರಡೂ ಒಳ್ಳೆಯ ಉದ್ದೇಶದ ಯೋಜನೆಗಳೇ. ಆದರೆ ಒಂದೇ ಮನೆಯಲ್ಲಿ ಎದುರಾದಾಗ ಒಂದು ಇನ್ನೊಂದರ ಕಾಲು ಎಳೆಯುತ್ತದೆ.

ಮೂರು ಮನೆಯ ಲೆಕ್ಕ

2025–26ರ ದರದಲ್ಲಿ ಮನೆ ಬಳಕೆಯ ಯೂನಿಟ್‌ಗೆ 5.80 ರೂಪಾಯಿ. ಪಿಂಚಣಿ ಸರ್‌ಚಾರ್ಜ್, 9 ಶೇಕಡಾ ತೆರಿಗೆ ಸೇರಿದರೆ 6.70ರ ಹತ್ತಿರ ಬರುತ್ತದೆ. ಇದರ ಜೊತೆಗೆ ಮಂಜೂರಾದ ಲೋಡಿಗೆ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ. ಕರ್ನಾಟಕದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಕಲಬುರಗಿ ಕಡೆ ಸ್ವಲ್ಪ ಜಾಸ್ತಿ, ಮಳೆಗಾಲದಲ್ಲಿ ಮಂಗಳೂರು, ಮಡಿಕೇರಿ ಕಡೆ ತುಂಬ ಕಡಿಮೆ.

ಮೊದಲ ಮನೆ ತಿಂಗಳಿಗೆ 400 ಯೂನಿಟ್ ಬಳಸುತ್ತದೆ. ಎಸಿ, ಗೀಸರ್, ಬೋರ್‌ವೆಲ್ ಮೋಟಾರ್ ಎಲ್ಲ ಇದೆ. ಗೃಹಜ್ಯೋತಿ ಸಿಗುವುದಿಲ್ಲ. 3 ಕಿಲೋವ್ಯಾಟ್ ಹಾಕಿಸಿದರೆ ತಿಂಗಳಿಗೆ 350 ಯೂನಿಟ್ ಆಸುಪಾಸು ಬರುತ್ತದೆ, ಉಳಿತಾಯ 2,300 ರೂಪಾಯಿ, ವರ್ಷಕ್ಕೆ 28,000. ಅಳವಡಿಕೆಗೆ 2 ಲಕ್ಷ ಖರ್ಚು ಅಂತ ಇಟ್ಟುಕೊಂಡರೆ ಸಬ್ಸಿಡಿ ಕಳೆದು ಕೈಯಿಂದ ಹೋಗುವುದು 1.22 ಲಕ್ಷ. ನಾಲ್ಕೂವರೆ ವರ್ಷದೊಳಗೆ ಹಾಕಿದ ದುಡ್ಡು ವಾಪಸ್. ಪ್ಯಾನೆಲ್ ಬಾಳಿಕೆ 25 ವರ್ಷ. ಈ ಮನೆಯವರು ಯೋಚಿಸುತ್ತಾ ಕೂರಬೇಕಾಗಿಲ್ಲ.

ಎರಡನೇ ಮನೆ 140 ಯೂನಿಟ್ ಬಳಸುತ್ತದೆ, ಬಿಲ್ ಸೊನ್ನೆ. ಇಲ್ಲಿ ಸೋಲಾರ್ ಹಾಕಿಸಿದರೆ ಉಳಿಯುವುದು ಏನು? ಸೊನ್ನೆಯಿಂದ ಸೊನ್ನೆ ಕಳೆದಂತೆ. ಆದರೆ ಆ ಮನೆಯ 140 ಯೂನಿಟ್‌ಗೆ ದುಡ್ಡು ಕಟ್ಟುತ್ತಿದ್ದ ರಾಜ್ಯದ ಖಜಾನೆಗೆ ಭಾರ ಇಳಿಯುತ್ತದೆ. ಅಂದರೆ ಬಂಡವಾಳ ಹಾಕುವವರು ಒಬ್ಬರು, ಲಾಭ ಪಡೆಯುವವರು ಇನ್ನೊಬ್ಬರು. ಸೂರ್ಯ ಘರ್ ಯೋಜನೆಯಲ್ಲಿ ಗುಜರಾತ್, ಮಹಾರಾಷ್ಟ್ರ ಓಡಿದಷ್ಟು ಕರ್ನಾಟಕ ಓಡದೇ ಇರುವುದಕ್ಕೆ ಜನರ ಅರಿವಿನ ಕೊರತೆ ಕಾರಣ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಜನ ಲೆಕ್ಕ ಸರಿಯಾಗಿಯೇ ಹಾಕಿದ್ದಾರೆ.

ಮೂರನೇ ಮನೆಯದ್ದು ಕಷ್ಟದ ಸ್ಥಿತಿ. ವರ್ಷದಲ್ಲಿ ಎಂಟು ತಿಂಗಳು 170–190 ಯೂನಿಟ್, ಬೇಸಿಗೆ ಬಂದರೆ ಫ್ಯಾನ್, ಕೂಲರ್ ಓಡಿ 205. ಆ ಐದು ಯೂನಿಟ್‌ನಿಂದಾಗಿ 3 ಕಿಲೋವ್ಯಾಟ್ ಲೋಡ್ ಇರುವ ಮನೆಗೆ ಸುಮಾರು 1,800 ರೂಪಾಯಿ ಬಿಲ್ ಬರುತ್ತದೆ. ಸೋಲಾರ್ ಹಾಕಿಸೋಣ ಎನಿಸುವುದು ಈ ಬಿಲ್ ಕೈಗೆ ಬಂದಾಗ. ಆದರೆ ಅದು ವರ್ಷಕ್ಕೆ ನಾಲ್ಕು ತಿಂಗಳ ಸಮಸ್ಯೆ. ಅದಕ್ಕೆ ಲಕ್ಷ ರೂಪಾಯಿ ಹಾಕುವ ಮೊದಲು ಹಳೆಯ ಫ್ರಿಜ್ ಬದಲಾಯಿಸಿ, ಬಿಎಲ್‌ಡಿಸಿ ಫ್ಯಾನ್ ಹಾಕಿಸಿ. ಸಾಮಾನ್ಯ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿಂದರೆ ಇದು 30ರ ಹತ್ತಿರ ತಿನ್ನುತ್ತದೆ. ಮೂರು ಫ್ಯಾನ್ ದಿನಕ್ಕೆ ಹತ್ತು ಗಂಟೆ ಓಡಿದರೆ ಅಲ್ಲೇ ತಿಂಗಳಿಗೆ 40 ಯೂನಿಟ್ ಉಳಿಯಿತು. ಆಮೇಲೂ ಸೋಲಾರ್ ಬೇಕೆನಿಸಿದರೆ, ನೀವು ಕೊಟ್ಟ ಯೂನಿಟ್, ತಗೊಂಡ ಯೂನಿಟ್ ಎರಡನ್ನೂ ಅಳೆಯುವ ನೆಟ್ ಮೀಟರ್ ಬಂದ ಮೇಲೆ ನಿಮ್ಮ ಆರ್‌ಆರ್ ನಂಬರಿಗೆ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಗೃಹಜ್ಯೋತಿ ಹೇಗೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಎಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಬರಹದಲ್ಲೇ ಕೇಳಿ ಪಡೆಯಿರಿ. ವೆಂಡರ್ ಬಾಯಿಮಾತು ಸಾಲದು.

ಬಿಸಿಲು ಕರೆಂಟ್ ಆಗುವುದು ಹೇಗೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬೆಂಗಳೂರಿನಲ್ಲಿ 'ಮನೆ ಮೇಲೆ ಸೋಲಾರ್ ಇದೆ' ಎಂದರೆ ಬಹಳ ಸಲ ಅದು ನೀರು ಕಾಯಿಸುವ ಸೋಲಾರ್. ಅಲ್ಲಿ ಬಿಸಿಲಿನ ಶಾಖ ಕೆಲಸ ಮಾಡುತ್ತದೆ. ಕರೆಂಟ್ ಕೊಡುವ ಪ್ಯಾನೆಲ್‌ಗೆ ಬೇಕಾದ್ದು ಬೆಳಕು. ಶಾಖ ಅದಕ್ಕೆ ಶತ್ರು.

ಪ್ಯಾನೆಲ್ ಒಳಗೆ ಇರುವುದು ಸಿಲಿಕಾನ್‌ನ ತೆಳು ಬಿಲ್ಲೆಗಳು. ಇವನ್ನೇ ಸೆಲ್ ಎನ್ನುವುದು. ಒಂದೊಂದು ಸೆಲ್‌ನಲ್ಲೂ ಎರಡು ಪದರ. ಒಂದರಲ್ಲಿ ಎಲೆಕ್ಟ್ರಾನ್ ಹೆಚ್ಚು ಇರುವಂತೆ ರಂಜಕ ಬೆರೆಸಿರುತ್ತಾರೆ, ಇನ್ನೊಂದರಲ್ಲಿ ಕಡಿಮೆ ಇರುವಂತೆ ಬೋರಾನ್ ಅಥವಾ ಗ್ಯಾಲಿಯಂ. ಎರಡು ಪದರ ಸೇರುವ ಜಾಗದಲ್ಲಿ ಒಂದೇ ದಿಕ್ಕಿಗೆ ತಳ್ಳುವ ವಿದ್ಯುತ್ ಕ್ಷೇತ್ರ ತಾನಾಗಿ ಹುಟ್ಟುತ್ತದೆ. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಕಿತ್ತು ಬರುತ್ತದೆ, ಈ ಕ್ಷೇತ್ರ ಅದನ್ನು ಒಂದು ಕಡೆಗೆ ತಳ್ಳುತ್ತದೆ, ಸೆಲ್ ಮೇಲಿನ ಬೆಳ್ಳಿಯ ಸಣ್ಣ ಗೆರೆಗಳು ಅದನ್ನು ಹಿಡಿದು ತಂತಿಗೆ ಸಾಗಿಸುತ್ತವೆ. ಅಷ್ಟೇ. ತಿರುಗುವ ಭಾಗ ಒಂದೂ ಇಲ್ಲ, ಹಾಗಾಗಿಯೇ 25 ವರ್ಷ ಬಾಳುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್ 1954ರಲ್ಲಿ ತೋರಿಸಿದ ಸಿಲಿಕಾನ್ ಸೆಲ್ ಬಿದ್ದ ಬೆಳಕಿನಲ್ಲಿ 6 ಶೇಕಡಾ ಮಾತ್ರ ಕರೆಂಟ್ ಮಾಡುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಪ್ಯಾನೆಲ್ 20ರಿಂದ 23 ಶೇಕಡಾ ಮಾಡುತ್ತದೆ. ಈ ಬಗೆಯ ಸೆಲ್‌ಗೆ ಭೌತಶಾಸ್ತ್ರ ಹಾಕಿರುವ ಮಿತಿಯೇ 33ರ ಆಸುಪಾಸು. ಆದ್ದರಿಂದ 'ಇನ್ನೆರಡು ವರ್ಷ ಕಾದರೆ ಎರಡರಷ್ಟು ಕರೆಂಟ್ ಕೊಡುವ ಪ್ಯಾನೆಲ್ ಬರುತ್ತೆ' ಎಂದು ಕಾಯುವುದರಲ್ಲಿ ಅರ್ಥ ಇಲ್ಲ.

ಪ್ಯಾನೆಲ್ ಹಿಂದಿನ ಚೀಟಿಯಲ್ಲಿ 550 ವ್ಯಾಟ್ ಎಂದು ಬರೆದಿರುತ್ತದೆ. ಅದು ಪ್ರಯೋಗಾಲಯದ ಸಂಖ್ಯೆ. ಚದರ ಮೀಟರಿಗೆ 1,000 ವ್ಯಾಟ್ ಬೆಳಕು, ಸೆಲ್‌ನ ಬಿಸಿ 25 ಡಿಗ್ರಿ ಇದ್ದಾಗ ಬರುವ ಲೆಕ್ಕ. ಏಪ್ರಿಲ್ ಮಧ್ಯಾಹ್ನ ನಮ್ಮ ತಾರಸಿಯ ಮೇಲೆ ಸೆಲ್ 60 ಡಿಗ್ರಿ ಮುಟ್ಟುತ್ತದೆ. ಮೊನೊ ಪರ್ಕ್ ಎಂಬ ಹಳೆಯ ಬಗೆಯ ಪ್ಯಾನೆಲ್ ಒಂದೊಂದು ಡಿಗ್ರಿಗೆ 0.35 ಶೇಕಡಾ ಕಳೆದುಕೊಳ್ಳುತ್ತದೆ. 35 ಡಿಗ್ರಿ ಜಾಸ್ತಿಯಾದರೆ 12 ಶೇಕಡಾ ಹೋಯಿತು, 550 ಇದ್ದದ್ದು 483 ಆಯಿತು. ಈಗ ಹೆಚ್ಚು ಮಾರುವ ಹೊಸ ಬಗೆಯ ಟಾಪ್‌ಕಾನ್ ಪ್ಯಾನೆಲ್‌ನಲ್ಲಿ ನಷ್ಟ ಡಿಗ್ರಿಗೆ 0.30 ಆಸುಪಾಸು, ಅಂದರೆ 492 ಉಳಿಯುತ್ತದೆ. ಸುಡು ಮಧ್ಯಾಹ್ನದಲ್ಲೂ ವ್ಯತ್ಯಾಸ ಪ್ಯಾನೆಲ್‌ಗೆ 9 ವ್ಯಾಟ್. ಟಾಪ್‌ಕಾನ್ ಸವೆತವೂ ಕಡಿಮೆ, ಆದ್ದರಿಂದ ಬೆಲೆ ಹತ್ತಿರ ಹತ್ತಿರ ಇದ್ದರೆ ಅದನ್ನೇ ತಗೊಳ್ಳಿ. ಅದರ ಹೆಸರಲ್ಲಿ ಮೂವತ್ತು ನಲವತ್ತು ಸಾವಿರ ಜಾಸ್ತಿ ಕೇಳಿದರೆ ಬೇಡ.

ಬೈಫೇಶಿಯಲ್ ಪ್ಯಾನೆಲ್ ಹಿಂಬದಿಯಿಂದಲೂ ಬೆಳಕು ಹಿಡಿಯುತ್ತದೆ. ಎತ್ತರದ ಸ್ಟ್ರಕ್ಚರ್ ಮೇಲೆ ಕೂರಿಸಿ, ಕೆಳಗೆ ಬಿಳಿ ಬಣ್ಣ ಬಳಿದಿದ್ದರೆ ಇದರ ಉಪಯೋಗ ಗೊತ್ತಾಗುತ್ತದೆ. ಶೀಟಿನ ಮೇಲೆ ಅಂಟಿಕೊಂಡಂತೆ ಹಾಕಿದರೆ ಹಿಂಬದಿಗೆ ಬೆಳಕೇ ಬೀಳುವುದಿಲ್ಲ.

ನೆರಳು ಮತ್ತು ಕರೆಂಟ್ ಹೋದಾಗಿನ ಕತ್ತಲೆ

ಬ್ರ್ಯಾಂಡಿಗಿಂತ ಹತ್ತು ಪಟ್ಟು ಮುಖ್ಯವಾದ ಎರಡು ವಿಷಯ ಇಲ್ಲಿವೆ.

ಒಂದು ನೆರಳು. ಸೆಲ್‌ಗಳು ಒಂದರ ಹಿಂದೆ ಒಂದು ಜೋಡಿಸಿಕೊಂಡಿರುತ್ತವೆ. ಒಂದರ ಮೇಲೆ ನೆರಳು ಬಿದ್ದರೆ ಇಡೀ ಸಾಲಿನ ಹರಿವು ಕುಗ್ಗುತ್ತದೆ. ಅದಕ್ಕಾಗಿ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ, ನೆರಳಿನ ಭಾಗವನ್ನು ಬಿಟ್ಟು ಕರೆಂಟ್ ಪಕ್ಕದಿಂದ ದಾಟಿ ಹೋಗುತ್ತದೆ. ಆದರೂ ಅಂಗೈ ಅಗಲದ ನೆರಳಿಗೆ ಪ್ಯಾನೆಲ್‌ನ ಮೂರನೇ ಒಂದು ಪಾಲು ಕೆಲಸ ನಿಲ್ಲಬಹುದು. 30×40 ಸೈಟಿನ ಮನೆಯ ತಾರಸಿಯಲ್ಲಿ ಮೆಟ್ಟಿಲ ಕೋಣೆ, ನೀರಿನ ಟ್ಯಾಂಕ್, ನೀರು ಕಾಯಿಸುವ ಸೋಲಾರ್, ಬಟ್ಟೆ ಒಣಗಿಸುವ ತಂತಿ ಎಲ್ಲ ಹೋಗಿ ಉಳಿಯುವ ಜಾಗ ಎಷ್ಟು ಎಂದು ನೋಡಿ. ಒಂದು ಕಿಲೋವ್ಯಾಟ್‌ಗೆ 80ರಿಂದ 100 ಚದರ ಅಡಿ ಬೇಕು, ಅದೂ ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ನೆರಳಿಲ್ಲದ ಜಾಗ. ದಕ್ಷಿಣಕ್ಕೆ ಮುಖ, 12ರಿಂದ 15 ಡಿಗ್ರಿ ಇಳಿಜಾರು ನಮಗೆ ಸರಿಹೋಗುತ್ತದೆ. ಪಕ್ಕದ ಖಾಲಿ ಸೈಟು ದಕ್ಷಿಣಕ್ಕಿದ್ದರೆ, ನಾಳೆ ಅಲ್ಲಿ ಮೂರು ಮಹಡಿ ಏಳಬಹುದು ಎನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ.

ಇನ್ನೊಂದು, ತುಂಬ ಜನ ದುಡ್ಡು ಕೊಟ್ಟಾದ ಮೇಲೆ ತಿಳಿದುಕೊಳ್ಳುವ ಸಂಗತಿ. ಸೂರ್ಯ ಘರ್‌ನಲ್ಲಿ ಸಾಮಾನ್ಯವಾಗಿ ಹಾಕುವುದು ಬೀದಿಯ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ವ್ಯವಸ್ಥೆ. ಬೀದಿಯ ಲೈನಿನಲ್ಲಿ ಕರೆಂಟ್ ಹೋದರೆ ಅದು ತಾನೂ ಆಫ್ ಆಗುತ್ತದೆ, ನಡು ಮಧ್ಯಾಹ್ನದ ಬಿಸಿಲಿದ್ದರೂ ಸರಿ. ಇದು ದೋಷ ಅಲ್ಲ. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಹರಿದ ಕರೆಂಟ್ ಹೊಡೆಯಬಾರದು, ಅದಕ್ಕೇ ಇನ್ವರ್ಟರ್ ಹೀಗೆ ಮಾಡುತ್ತದೆ. ಪವರ್ ಕಟ್ ಸಮಯದಲ್ಲೂ ದೀಪ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು. ಅದರ ಖರ್ಚೇ ಬೇರೆ, ದುಡ್ಡು ವಾಪಸ್ ಬರುವ ಅವಧಿಯೂ ಉದ್ದವಾಗುತ್ತದೆ. ನಗರದಲ್ಲಿ ಈಗಾಗಲೇ ಯುಪಿಎಸ್ ಇರುವ ಮನೆಗೆ ಆನ್‌ಗ್ರಿಡ್ ಸಾಕು. ದಿನಕ್ಕೆ ಗಂಟೆಗಟ್ಟಲೆ ಕರೆಂಟ್ ಹೋಗುವ ಹಳ್ಳಿಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಕರೆಂಟ್ ಇಲ್ಲದ ಹೊತ್ತಿನ ಬಿಸಿಲೆಲ್ಲ ಆನ್‌ಗ್ರಿಡ್‌ನಲ್ಲಿ ದಂಡವಾಗುತ್ತದೆ.

ಜಿಎಸ್‌ಟಿ ಇಳಿದರೂ ಕೊಟೇಶನ್ ಯಾಕೆ ಇಳಿಯಲಿಲ್ಲ

ಅಳವಡಿಕೆ ಸಮೇತ ಸೋಲಾರ್ ಕೊಂಡಾಗ ಬಿಲ್ಲಿನ 70 ಶೇಕಡಾವನ್ನು ಸಾಮಾನು, 30 ಶೇಕಡಾವನ್ನು ಸೇವೆ ಎಂದು ಲೆಕ್ಕ ಹಾಕುತ್ತಾರೆ. ಸೇವೆಯ ಮೇಲಿನ 18 ಶೇಕಡಾ ಹಾಗೇ ಇದೆ. ಇಳಿದದ್ದು ಸಾಮಾನಿನ ತೆರಿಗೆ ಮಾತ್ರ. ಮೊದಲು ಒಟ್ಟು 13.8 ಶೇಕಡಾ ಆಗುತ್ತಿತ್ತು, ಈಗ 8.9. ತೆರಿಗೆಗೆ ಮೊದಲು 1.75 ಲಕ್ಷ ಇದ್ದ ಕೆಲಸಕ್ಕೆ ಉಳಿತಾಯ 8,600 ರೂಪಾಯಿ ಅಷ್ಟೆ. ಅದೇ ಹೊತ್ತಿಗೆ ಸೆಲ್‌ಗೆ ಬೇಕಾದ ಬೆಳ್ಳಿಯ ಬೆಲೆ ಏರಿತು.

ಇದಕ್ಕಿಂತ ದೊಡ್ಡ ಕಾರಣ ಡಿಸಿಆರ್. ಡಿಸಿಆರ್ ಪ್ಯಾನೆಲ್ ಎಂದರೆ ಪ್ಯಾನೆಲ್ ಮಾತ್ರ ಅಲ್ಲ, ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ನಾನ್ ಡಿಸಿಆರ್‌ನಲ್ಲಿ ಸೆಲ್ ಹೊರಗಿನಿಂದ, ಹೆಚ್ಚಾಗಿ ಚೀನಾದಿಂದ ಬಂದು ಇಲ್ಲಿ ಜೋಡಣೆ ಆಗಿರುತ್ತದೆ. ಸೂರ್ಯ ಘರ್ ಸಬ್ಸಿಡಿ ಬೇಕೆಂದರೆ ಡಿಸಿಆರ್ ಕಡ್ಡಾಯ. ಇಲ್ಲಿ ಪ್ಯಾನೆಲ್ ಜೋಡಿಸುವ ಕಾರ್ಖಾನೆಗಳು ಬೇಕಾದಷ್ಟಿವೆ, ಸೆಲ್ ಮಾಡುವ ಕಾರ್ಖಾನೆಗಳು ಅಷ್ಟಿಲ್ಲ. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ, ಹಾಗಾಗಿ ಡಿಸಿಆರ್ ಬೆಲೆ ಜಾಸ್ತಿ.

ಎಷ್ಟು ಜಾಸ್ತಿ ಎನ್ನುವುದರ ಮೇಲೆ ತೀರ್ಮಾನ ನಿಂತಿದೆ. ವ್ಯಾಟ್‌ಗೆ 10 ರೂಪಾಯಿ ವ್ಯತ್ಯಾಸ ಇದೆ ಅಂತ ಇಟ್ಟುಕೊಳ್ಳಿ. 3 ಕಿಲೋವ್ಯಾಟ್‌ಗೆ 30,000 ಹೆಚ್ಚುವರಿ, ಸಿಗುವ ಸಬ್ಸಿಡಿ 78,000, ಡಿಸಿಆರ್ ಲಾಭ. 10 ಕಿಲೋವ್ಯಾಟ್‌ಗೆ ಹೆಚ್ಚುವರಿ ಒಂದು ಲಕ್ಷ, ಸಬ್ಸಿಡಿ ಅದೇ 78,000. ಅಲ್ಲಿ ಸಬ್ಸಿಡಿ ಬಿಡುವುದೇ ಲಾಭ ಆಗಬಹುದಿತ್ತು. ಆದರೆ ಆ ದಾರಿಯೂ ಕಿರಿದಾಗುತ್ತಿದೆ. ಕೇಂದ್ರದ ಅನುಮೋದಿತ ತಯಾರಕರ ಪಟ್ಟಿ, ಎಎಲ್‌ಎಂಎಂ ಎನ್ನುತ್ತಾರಲ್ಲ, ಅದು ಮೊದಲು ಪ್ಯಾನೆಲ್‌ಗೆ ಮಾತ್ರ ಇತ್ತು. 2026ರ ಜೂನ್ 1ರಿಂದ ಸೆಲ್‌ಗೂ ಅಂಥದ್ದೇ ಪಟ್ಟಿ ಅನ್ವಯಿಸುವಂತೆ ನಿಯಮ ಮಾಡಿದ್ದಾರೆ, ನೆಟ್ ಮೀಟರಿಂಗ್ ಯೋಜನೆಗಳೂ ಅದರೊಳಗೆ ಬರುತ್ತವೆ. ಚೀನಾದ ಮೇಲಿನ ಅವಲಂಬನೆ ತಪ್ಪಬೇಕು ಎನ್ನುವುದು ಸರ್ಕಾರದ ವಾದ. ಸೆಲ್ ಕಾರ್ಖಾನೆಗಳು ಬೆಳೆಯುವವರೆಗೆ ಆ ಖರ್ಚನ್ನು ಹೊರುವವರು ತಾರಸಿ ಮಾಲೀಕರು ಎನ್ನುವುದು ಅಳವಡಿಸುವವರ ದೂರು. ಎರಡೂ ನಿಜ.

ಎಸ್ಕಾಂಗೆ ಯಾಕೆ ಉತ್ಸಾಹ ಇಲ್ಲ

ಪ್ಯಾನೆಲ್ ದುಡಿಯುವುದು ಮಧ್ಯಾಹ್ನ, ಮನೆಯವರು ಕರೆಂಟ್ ಬಳಸುವುದು ಸಂಜೆ. ನೆಟ್ ಮೀಟರಿಂಗ್‌ನಲ್ಲಿ ಮಧ್ಯಾಹ್ನ ಕೊಟ್ಟ ಯೂನಿಟ್‌ಗೆ ಸಂಜೆ ಒಂದು ಯೂನಿಟ್ ವಾಪಸ್ ಸಿಗುತ್ತದೆ. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕ್ ಇರುವ ರಾಜ್ಯ ಇದು. ಬಿಸಿಲಿರುವ ಹೊತ್ತಿನಲ್ಲಿ ಇಲ್ಲಿ ಸೋಲಾರ್‌ಗೆ ಬರ ಇಲ್ಲ, ಕೊರತೆ ಬೀಳುವುದು ಸೂರ್ಯ ಮುಳುಗಿದ ಮೇಲೆ. ಮಧ್ಯಾಹ್ನದ ಅಗ್ಗದ ಯೂನಿಟ್ ತಗೊಂಡು ಸಂಜೆಯ ದುಬಾರಿ ಯೂನಿಟ್ ಕೊಡಬೇಕು ಎನ್ನುವುದು ಎಸ್ಕಾಂಗಳ ಅಳಲು. ಜೊತೆಗೆ ಸೋಲಾರ್ ಹಾಕಿಸುವವರು ಬಹುತೇಕ ಹೆಚ್ಚು ಬಿಲ್ ಕಟ್ಟುವವರೇ. ಅವರ ಬಿಲ್ ಕರಗಿದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳ ಖರ್ಚು ಉಳಿದವರ ಮೇಲೆ ಬೀಳುತ್ತದೆ. ಬಳಕೆಯಾಗದೆ ಉಳಿದ ಯೂನಿಟ್‌ಗೆ ಎಸ್ಕಾಂ ಕೊಡುವ ದರ ನೀವು ಕೊಳ್ಳುವ ದರಕ್ಕಿಂತ ತುಂಬ ಕಡಿಮೆ ಇರುವುದು, ನಿಗದಿತ ಶುಲ್ಕ ಸೋಲಾರ್ ಇದ್ದರೂ ಹೋಗದೇ ಇರುವುದು ಇದರಿಂದಲೇ.

ಗ್ರಾಹಕರ ಕಡೆಯ ಮಾತೂ ತೂಕದ್ದೇ. ತಾರಸಿಯ ಕರೆಂಟ್ ಪಕ್ಕದ ಮನೆಯಲ್ಲೇ ಖರ್ಚಾಗುತ್ತದೆ, ದೂರದಿಂದ ತರುವಾಗಿನ ಸೋರಿಕೆ ಇಲ್ಲ, ಎಕರೆಗಟ್ಟಲೆ ಜಮೀನು ಬೇಡ. ಆದರೆ ನಿಮ್ಮ ಕೊಳ್ಳುವ ನಿರ್ಧಾರಕ್ಕೆ ಇದರಿಂದ ಬರುವ ಪಾಠ ಸರಳ. ಮಾರಿ ದುಡ್ಡು ಮಾಡುವ ಆಸೆಗೆ ದೊಡ್ಡ ಪ್ಲಾಂಟ್ ಹಾಕಿಸಬೇಡಿ. ನಿಮ್ಮ ಬಳಕೆಗೆ ಎಷ್ಟು ಬೇಕೋ ಅಷ್ಟೇ, ಬೇಕಿದ್ದರೆ ಸ್ವಲ್ಪ ಕಡಿಮೆ.

ಗೃಹಜ್ಯೋತಿ ಮತ್ತು ಸೋಲಾರ್ ಜಗಳಕ್ಕೆ ದಾರಿ ಇಲ್ಲ ಎಂದೇನಿಲ್ಲ. ರಾಜಸ್ಥಾನ 2025ರ ಬಜೆಟ್‌ನಲ್ಲಿ ತನ್ನ 100 ಯೂನಿಟ್ ಉಚಿತ ಯೋಜನೆಯನ್ನು ಸೂರ್ಯ ಘರ್‌ಗೆ ಜೋಡಿಸಿ, ಪ್ಯಾನೆಲ್ ಹಾಕಿಸಿಕೊಂಡರೆ 150 ಯೂನಿಟ್ ಉಚಿತ ಎಂದು ಹೊರಟಿತು. ವರ್ಷ ವರ್ಷ ಕಟ್ಟುವ ಸಬ್ಸಿಡಿಯನ್ನು ಒಂದೇ ಸಲ ಪ್ಯಾನೆಲ್‌ಗೆ ಹಾಕಿದರೆ ಖಜಾನೆಗೂ ಉಳಿತಾಯ ಎನ್ನುವ ಲೆಕ್ಕ ಅದು. ಕರ್ನಾಟಕ ಅಂಥದ್ದೊಂದು ಮಾಡಿದರೆ ನಮ್ಮ ಎರಡನೇ ಮನೆಯವರ ಉತ್ತರ ಪೂರ್ತಿ ಬದಲಾಗುತ್ತದೆ. ಅಲ್ಲಿಯವರೆಗೆ ಅವರು ಸುಮ್ನೆ ಇರುವುದೇ ಜಾಣತನ.

ಕೊಟೇಶನ್ ಕೈಗೆ ಬಂದಾಗ

ಬಿಲ್ ನೋಡಿ, ತಾರಸಿ ನೋಡಿ, ಹಾಕಿಸುವುದೇ ಎಂದು ತೀರ್ಮಾನಿಸಿದವರು ಕನಿಷ್ಠ ಮೂರು ಕೊಟೇಶನ್ ತರಿಸಿ. ಒಟ್ಟು ಮೊತ್ತ ಹೋಲಿಸಬೇಡಿ, ವ್ಯಾಟ್‌ಗೆ ಎಷ್ಟು ಬೀಳುತ್ತದೆ ಎಂದು ಭಾಗಿಸಿ ನೋಡಿ. ಪ್ಯಾನೆಲ್‌ಗೆ ಎರಡು ವಾರಂಟಿ ಇರುತ್ತದೆ. ತಯಾರಿಕೆಯ ದೋಷಕ್ಕೆ ಸಾಮಾನ್ಯವಾಗಿ 12 ವರ್ಷ, ಕರೆಂಟ್ ಕೊಡುವ ಶಕ್ತಿಗೆ 25 ಅಥವಾ 30 ವರ್ಷ. ವೆಂಡರ್ ದೊಡ್ಡ ಅಕ್ಷರದಲ್ಲಿ ಹಾಕುವುದು ಎರಡನೆಯದನ್ನು, ನಿಮಗೆ ಉಪಯೋಗಕ್ಕೆ ಬರುವುದು ಮೊದಲನೆಯದು. ಇಡೀ ವ್ಯವಸ್ಥೆಯಲ್ಲಿ ಮೊದಲು ಕೈಕೊಡುವುದು ಪ್ಯಾನೆಲ್ ಅಲ್ಲ, ಇನ್ವರ್ಟರ್. ಆದ್ದರಿಂದ ಇನ್ವರ್ಟರ್ ಕಂಪನಿಯ ಸರ್ವಿಸ್ ನಿಮ್ಮ ಜಿಲ್ಲೆಯಲ್ಲಿ ಇದೆಯೇ ಎಂದು ಕೇಳಿ. ಸ್ಟ್ರಕ್ಚರ್ ಜಿಐನದ್ದೇ (ಸತು ಲೇಪಿಸಿದ ಕಬ್ಬಿಣ), ಎಷ್ಟು ದಪ್ಪ, ಅರ್ಥಿಂಗ್ ಮತ್ತು ಸಿಡಿಲು ತಡೆ ಸೇರಿದೆಯೇ, ದ್ವಿಮುಖ (ನೆಟ್) ಮೀಟರಿನ ಖರ್ಚು ಯಾರದು, ಇವೆಲ್ಲ ಬರಹದಲ್ಲಿರಲಿ. ಅಗ್ಗದ ಕೊಟೇಶನ್‌ಗಳು ಕೈ ಕಚ್ಚುವುದು ಇಂಥ ಕಡೆಯೇ.

ತೊಳೆಯುವುದಕ್ಕೆ ಒಂದು ನಲ್ಲಿ ತಾರಸಿಯಲ್ಲಿರಲಿ. ಧೂಳು, ಹಕ್ಕಿ ಹಿಕ್ಕೆ ಕೂತರೆ ಉತ್ಪಾದನೆ ಇಳಿಯುತ್ತದೆ. ಬೆಳಗ್ಗೆ ಗಾಜು ತಣ್ಣಗಿರುವಾಗ ತೊಳೆಯಿರಿ. ಬೋರ್‌ವೆಲ್‌ನ ಗಡಸು ನೀರಾದರೆ ಒರೆಸಿಬಿಡಿ, ಇಲ್ಲದಿದ್ದರೆ ಬಿಳಿ ಕಲೆ ಗಟ್ಟಿಯಾಗಿ ಕೂರುತ್ತದೆ.

ಇನ್ನು ಸಬ್ಸಿಡಿ. ಅರ್ಜಿ ಹಾಕಬೇಕಾದ್ದು ರಾಷ್ಟ್ರೀಯ ಪೋರ್ಟಲ್‌ನಲ್ಲಿ, ನಿಮ್ಮ ಆರ್‌ಆರ್ ನಂಬರ್ ಕೊಟ್ಟು. ವೆಂಡರ್ ಅಲ್ಲಿ ನೋಂದಾಯಿತರಾಗಿರಬೇಕು. ಅಳವಡಿಕೆ ಆಗಿ, ಎಸ್ಕಾಂ ಪರಿಶೀಲಿಸಿ, ಮೀಟರ್ ಕೂತ ಮೇಲೆ ಹಣ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಹಾಗಾಗಿ ಮೊದಲು ಪೂರ್ತಿ ದುಡ್ಡು ನೀವೇ ಹೊಂದಿಸಬೇಕು, ಅದಕ್ಕೆ ಬ್ಯಾಂಕುಗಳಲ್ಲಿ ಕಡಿಮೆ ಬಡ್ಡಿಯ ಸಾಲವೂ ಇದೆ. 'ಸಬ್ಸಿಡಿ ನಾವೇ ತಗೋತೀವಿ, ನೀವು ಪ್ರೊಸೆಸಿಂಗ್ ಫೀ ಮಾತ್ರ ಕಳಿಸಿ' ಎಂದು ಯಾರಾದರೂ ಫೋನ್ ಮಾಡಿದರೆ, ಅದು ಈ ಯೋಜನೆಗೆ ಸಂಬಂಧಪಟ್ಟ ಕರೆ ಅಲ್ಲ.